ಅಮ್ಮನ ಎಫ್‌ಡಿ, ನನ್ನ ಕಂತು, ಚಿಕ್ಕಪ್ಪನ ಅಟ್ಟದ ಅಡಿಕೆ

ಹೋದ ವಾರ ಅಮ್ಮನ ಎಫ್‌ಡಿ ರಿನ್ಯೂ ಮಾಡಿಸಲು ಶಿವಮೊಗ್ಗಕ್ಕೆ ಹೋಗಿದ್ದೆವು. ಎಂಟು ಲಕ್ಷ. ಅಪ್ಪ ಇದ್ದಾಗ ಮಾರಿದ ಅಡಿಕೆಯ ದುಡ್ಡು, ಅಮ್ಮನಿಗೆ ಅದೇ ಪೆನ್ಶನ್ನು. ಹಿಂದಿನ ಸಲ 7.75ಕ್ಕೆ ಇಟ್ಟಿದ್ದೆವು. ಈ ಸಲ ಕೌಂಟರಿನ ಹುಡುಗಿ 6.75 ಅಂದಳು. ಹಿರಿಯ ನಾಗರಿಕರಿಗೆ ಕೊಡುವ ಅರ್ಧ ಪರ್ಸೆಂಟೂ ಅದರಲ್ಲೇ ಸೇರಿ.

"ಅಲ್ವೋ, ದುಡ್ಡು ಅಷ್ಟೇ ಇದೆ, ಬ್ಯಾಂಕೂ ಅದೇ. ಬಡ್ಡಿ ಯಾಕೆ ಕಮ್ಮಿ?"

"ಮುಂಬೈಯಲ್ಲಿ ರಿಸರ್ವ್ ಬ್ಯಾಂಕಿನವರು ಇಳಿಸಿದಾರೆ ಅಮ್ಮ."

"ಮುಂಬೈಯವರಿಗೆ ನನ್ನ ದುಡ್ಡಿನ ಉಸಾಬರಿ ಎಂತಕ್ಕೆ?"

ತೀರ್ಥಹಳ್ಳಿ ಬಸ್ಸು ಮಂಡಗದ್ದೆ ದಾಟಿದರೂ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ರೆಪೊ ದರ ಅಂದರೆ ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ. 2025ರಲ್ಲಿ ಅದು ನಾಲ್ಕು ಸಲ ಇಳಿಯಿತು. 6.5 ಇದ್ದದ್ದು ಡಿಸೆಂಬರಿಗೆ 5.25. ಪ್ರತಿ ಸಲವೂ ಟೀವಿಯಲ್ಲಿ ಒಂದೇ ಹೆಡ್ಡಿಂಗು: ಸಾಲಗಾರರಿಗೆ ಸಿಹಿ ಸುದ್ದಿ. ಠೇವಣಿ ಇಟ್ಟವರಿಗೆ ಏನು ಸುದ್ದಿ ಅಂತ ಯಾರೂ ಹೇಳಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಸಾಲಗಾರನೂ ಠೇವಣಿದಾರಳೂ ಒಂದೇ ಒಲೆಯ ಅನ್ನ ಉಣ್ಣುವ ನಮ್ಮಂಥ ಮನೆಗಳಲ್ಲಿ ಆ ಸಿಹಿ ಅರ್ಧವೇ.

ನಮ್ಮ ಭಾವ ಒಬ್ಬರಿದ್ದಾರೆ. ಸತ್ಯನಾರಾಯಣ ಪೂಜೆಯ ಊಟ ಮುಗಿದು ಕವಳ ಹಾಕಿದ ಮೇಲೆ ಅವರ ವಾದ ಶುರು: "ಬ್ಯಾಂಕಿನವನು ರಿಸರ್ವ್ ಬ್ಯಾಂಕಿಂದ ಐದೂಕಾಲಿಗೆ ತಂದು ನಮಗೆ ಎಂಟೂಕಾಲಿಗೆ ಕೊಡ್ತಾನೆ, ಕೂತಲ್ಲೇ ಮೂರು ರೂಪಾಯಿ ಲಾಭ." ಭಾವ, ಹಾಗಲ್ಲ. ಬ್ಯಾಂಕು ರೆಪೊದಲ್ಲಿ ತರುವುದು ಕೆಲವು ದಿನದ ಕೈಗಡ, ಒಟ್ಟು ದುಡ್ಡಿನಲ್ಲಿ ಅದು ಚೂರು. ಸಾಲಕ್ಕೆ ಹೋಗುವ ಹಣದ ಬಹುಪಾಲು ಅಮ್ಮನಂಥವರ ಠೇವಣಿ. ಅದರಲ್ಲೂ ನೂರು ರೂಪಾಯಿಗೆ 3 ರೂಪಾಯಿಯನ್ನು ಬಡ್ಡಿಯಿಲ್ಲದೆ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು, ಅದು ಸಿಆರ್‌ಆರ್. ಇನ್ನು 18 ರೂಪಾಯಿ ಬಹುಮಟ್ಟಿಗೆ ಸರ್ಕಾರಿ ಸಾಲಪತ್ರಗಳಲ್ಲಿ ಇರಬೇಕು, ಅದು ಎಸ್‌ಎಲ್‌ಆರ್. ಉಳಿದದ್ದರಲ್ಲಿ ಸಾಲ ಕೊಡಬೇಕು. ಸಿಆರ್‌ಆರ್ ಮೊದಲು 4 ಇತ್ತು. 2025ರ ಸೆಪ್ಟೆಂಬರಿನಿಂದ ನವೆಂಬರಿನ ತನಕ ನಾಲ್ಕು ಕಂತಲ್ಲಿ 3ಕ್ಕೆ ಇಳಿಸಿದರು. ಆ ಒಂದು ಪರ್ಸೆಂಟಿಗೇ ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ ಬ್ಯಾಂಕುಗಳ ಕೈಗೆ ಬಂತು.

ಹಾಗಾದರೆ ರೆಪೊ ಇಳಿದರೆ ಅಮ್ಮನ ಬಡ್ಡಿ ಯಾಕೆ ಇಳಿಯಬೇಕು? 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಹಾಕಿದ್ದಾರೆ. ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿಯನ್ನು ಆ ದರಕ್ಕೆ ಹೊಂದಿಸಲೇಬೇಕು. ಅಂದರೆ ರೆಪೊ ಇಳಿದರೆ ಮೂರು ತಿಂಗಳೊಳಗೆ ಬ್ಯಾಂಕಿಗೆ ನನ್ನಂಥ ಸಾಲಗಾರನಿಂದ ಬರುವ ಬಡ್ಡಿ ಇಳಿಯುತ್ತದೆ. ಆದರೆ ಹಳೇ ಎಫ್‌ಡಿಗೆ ಒಪ್ಪಿಕೊಂಡ 7.75ನ್ನು ಅವಧಿ ಮುಗಿಯುವ ತನಕ ಕೊಡಲೇಬೇಕು. ನಡುವೆ ಸಿಕ್ಕ ಬ್ಯಾಂಕು ಕೈಗೆ ಸಿಗುವವರ ಬಡ್ಡಿ ಕತ್ತರಿಸುತ್ತದೆ: ಹೊಸ ಎಫ್‌ಡಿ, ಉಳಿತಾಯ ಖಾತೆ. ದೊಡ್ಡ ಬ್ಯಾಂಕುಗಳಲ್ಲಿ ಉಳಿತಾಯ ಖಾತೆಗೆ ಈಗ ಎರಡೂವರೆ. ಅದನ್ನು ಬಡ್ಡಿ ಅನ್ನಲೂ ನಾಚಿಕೆ.

ನನ್ನ ಕಥೆ ಇನ್ನೊಂದು ದಿಕ್ಕಿನದು. 2021ರ ಶುರುವಿನಲ್ಲಿ ಶಿವಮೊಗ್ಗದ ಮನೆಗೆ 25 ಲಕ್ಷ ಸಾಲ ಮಾಡಿದೆ. 7 ಪರ್ಸೆಂಟ್, 20 ವರ್ಷ, ತಿಂಗಳ ಕಂತು 19,382. ಆಗ ರೆಪೊ 4. 2022ರಲ್ಲಿ ಹಣದುಬ್ಬರ ಸತತ ಮೂರು ತ್ರೈಮಾಸಿಕ ಆರು ಪರ್ಸೆಂಟಿನ ಮೇಲೇ ಕೂತಿತು. ಅದನ್ನು ಆರರೊಳಗೆ ಇಡುವ ಗುರಿ ತಪ್ಪಿದ್ದಕ್ಕೆ ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕಾಗಿ ಬಂದದ್ದು ಅದೇ ಮೊದಲು. ಬೆಲೆಯೇರಿಕೆ ತಡೆಯಲು ಆ ವರ್ಷದ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ 6.5 ಆಯಿತು, ನನ್ನ ಸಾಲ 9.5. ಅಡುಗೆ ಎಣ್ಣೆಯ ರೇಟು ನೋಡಿದವರು ಆ ಏರಿಕೆ ಬೇಡವಿತ್ತು ಅನ್ನಲಾರರು. ನಾನೂ ಅನ್ನುವುದಿಲ್ಲ.

ಆದರೆ ನನ್ನ ಕಂತು ಏರಲಿಲ್ಲ! ಖುಷಿಯಲ್ಲಿದ್ದೆ. ಒಂದು ದಿನ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ 19,382ರಲ್ಲಿ ಹತ್ತೊಂಬತ್ತು ಸಾವಿರದ ಹತ್ತಿರ ಬಡ್ಡಿಗೇ ಹೋಗುತ್ತಿದೆ. ಅಸಲಿಗೆ ನಾನ್ನೂರು ಐನೂರು. ಒಂದು ಪತ್ರವಿಲ್ಲ, ಫೋನಿಲ್ಲ, ಬ್ಯಾಂಕಿನವರು ಸುಮ್ಮನೆ ಅವಧಿ ಎಳೆದಿದ್ದರು. ಅದೇ ಲೆಕ್ಕದಲ್ಲಿ ಹೋದರೆ ಸಾಲ ತೀರಲು ಇನ್ನೂ ನಲವತ್ತು ವರ್ಷದ ಸುಮಾರು ಬೇಕಿತ್ತು. ನನಗೆ ಆಗಲೇ ನಲವತ್ತಾರು. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಹೊಸ ನಿಯಮ ತಂತು: ದರ ಬದಲಾಗುವಾಗ ಕಂತು ಏರಿಸುವುದೋ ಅವಧಿ ಎಳೆಯುವುದೋ ಅಂತ ಸಾಲಗಾರನನ್ನು ಕೇಳಬೇಕು. ನಾನು ಹೋಗಿ ಕಂತು ಏರಿಸಿಕೊಂಡೆ. ಈಗ ದರ ಇಳಿದರೂ ಅದೇ ಕಂತು ಕಟ್ಟುತ್ತಿದ್ದೇನೆ, ಅವಧಿ ಕರಗಲಿ ಅಂತ.

ಸಾಗರದ ಗೆಳೆಯನದು ಇನ್ನೂ ತಮಾಷೆ. 2014ರ ಸಾಲ, ಹಳೇ ಬೇಸ್ ರೇಟಿನದು, ಅಂದರೆ ಬ್ಯಾಂಕು ತಾನೇ ನಿಗದಿ ಮಾಡುವ ದರದ್ದು. ರೆಪೊ ಇಳಿದದ್ದು ಅವನಿಗೆ ತಾಗಲೇ ಇಲ್ಲ. ರೆಪೊ ಲೆಕ್ಕಕ್ಕೆ ಬದಲಾಯಿಸಿ ಅಂತ ಅರ್ಜಿ ಕೊಡಬೇಕಿತ್ತು. ಅವನು ಕೊಡಲಿಲ್ಲ, ಯಾರೂ ಹೇಳಲೂ ಇಲ್ಲ. ನಿಮ್ಮದೂ ಹಳೇ ಸಾಲವಾದರೆ ನಾಳೆಯೇ ಬ್ರಾಂಚಿಗೆ ಹೋಗಿ ಕೇಳಿ.

ಚಿಕ್ಕಪ್ಪನಿಗೆ ಇದ್ಯಾವುದೂ ಇಲ್ಲ. ಅವರ ಬೆಳೆಸಾಲ ಸೊಸೈಟಿಯದು, ಐದು ಲಕ್ಷದ ತನಕ ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬಡ್ಡಿ ಸೊನ್ನೆ, ಅದನ್ನು ಸರ್ಕಾರ ತುಂಬುತ್ತದೆ. ಕೆಲಸದ ಆಳು ಕೈಸಾಲ ತರುವುದು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಗೆ, ವರ್ಷಕ್ಕೆ 24. ರೆಪೊ ನಾಲ್ಕಾಗಲಿ ಆರೂವರೆಯಾಗಲಿ ಸೊನ್ನೆ ಸೊನ್ನೆಯೇ, ಇಪ್ಪತ್ನಾಲ್ಕು ಇಪ್ಪತ್ನಾಲ್ಕೇ. ಮುಂಬೈಯಲ್ಲಿ ಬಿಟ್ಟ ನೀರು ನಮ್ಮೂರಿಗೆ ಬರುವಾಗ ಕೆಲವರ ತೋಟದ ಕಾಲುವೆಗೆ ಮಾತ್ರ ಬೀಳುತ್ತದೆ.

"ಅಡಿಕೆ ಮಾರಿ ದುಡ್ಡು ಬ್ಯಾಂಕಲ್ಲಿಡಿ" ಅಂದರೆ ಚಿಕ್ಕಪ್ಪ ಅಟ್ಟದ ಕಡೆ ಕೈ ತೋರಿಸುತ್ತಾರೆ. "ಆರೂಕಾಲು ಕೊಡೋರಿಗೆ ಎಂತಕ್ಕೆ ಕೊಡೋದು? ಚೀಲ ಅಲ್ಲೇ ಇರ್ಲಿ, ರೇಟು ಬಂದಾಗ ನೋಡಣ." ರೇಟು ಬೀಳಲೂಬಹುದು ಅಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಫ್‌ಡಿ ಬಡ್ಡಿ ಇಳಿದಷ್ಟೂ ಮಲೆನಾಡಿನ ಅಟ್ಟ ತುಂಬುತ್ತದೆ ಅನ್ನುವುದು ನನ್ನ ಗುಮಾನಿ. ಪಟ್ಟಣದವರು ಮ್ಯೂಚುವಲ್ ಫಂಡಿಗೆ ಹೋದರು ಅಂತ ಬ್ಯಾಂಕಿನವರು ಕೊರಗುತ್ತಾರೆ. ನಮ್ಮವರು ಏಣಿ ಹತ್ತುತ್ತಾರೆ ಅಷ್ಟೆ.

ಅಮ್ಮನ ದುಡ್ಡಿಗೆ ಕೊನೆಗೆ ಒಂದು ದಾರಿ ಹುಡುಕಿದೆವು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 8.2 ಇದೆ. ರೆಪೊ ಇಳಿದರೂ ಸರ್ಕಾರ ಅದನ್ನು ಮುಟ್ಟಿಲ್ಲ. ಒಮ್ಮೆ ಇಟ್ಟರೆ ಐದು ವರ್ಷ ಅದೇ ದರ. ಆರು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 12,300. ಉಳಿದ ಎರಡು ಆಸ್ಪತ್ರೆ ಖರ್ಚಿಗೆ ಅಂತ ಬ್ಯಾಂಕಿನಲ್ಲೇ.

"ಐದು ವರ್ಷ ನಾನಿರ್ತೀನೋ ಇಲ್ವೋ" ಅಂದರು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಸೋಮವಾರ ಹೋಗೋದಾದ್ರೆ ಎರಡು ಫೋಟೋ ಬೇಕಂತೆ, ಆಧಾರ್ ಕಾರ್ಡಿಂದು ಆಗದಲ್ಲ, ಹೊಸದು ತೆಗೆಸಬೇಕು" ಅಂತ ಹೇಳಿ, ಯಾವ ಸೀರೆ ಉಡುವುದು ಅಂತ ಬೀರು ತೆಗೆದರು.