ದೆಹಲಿಯಲ್ಲಿ ನಮ್ಮೂರ ಚಪ್ಪಾಳೆ

ನಾನು ಯಾವ ಪಕ್ಷ ಅಂತ ಇಲ್ಲಿ ಹೇಳುವುದಿಲ್ಲ. ತುಮಕೂರಿನಲ್ಲಿ ಎಲ್ಲರಿಗೂ ಗೊತ್ತು, ಹೊರಗಿನವರಿಗೆ ಬೇಕಾಗಿಲ್ಲ. ಅಲ್ಲದೆ ಇದು ಹದಿನೈದು ವರ್ಷದ ಹಿಂದಿನ ಮಾತು. ಆಗ ನಮ್ಮ ಜೊತೆ ಬಂದವರಲ್ಲಿ ಅರ್ಧ ಜನ ಈಗ ಎದುರು ಪಕ್ಷದಲ್ಲಿದ್ದಾರೆ. ಪಾಪ, ಅವರಿಗೂ ಮುಜುಗರ.

ಹೈಸ್ಕೂಲು ಮೇಷ್ಟ್ರ ಕೆಲಸದಿಂದ ರಿಟೈರಾಗಿದ್ದೆ. ಸುಮ್ನೆ ಮನೆಯಲ್ಲಿ ಕೂತರೆ ಹೆಂಡತಿ ಸೊಪ್ಪು ಬಿಡಿಸಲು ಕೊಡುತ್ತಾಳೆ ಅಂತ ಪಕ್ಷದ ಕಚೇರಿಗೆ ಹೋಗಿ ಕೂರುತ್ತಿದ್ದೆ. ದೆಹಲಿಯಲ್ಲಿ ರಾಷ್ಟ್ರೀಯ ಅಧಿವೇಶನ ಅಂತ ಗೊತ್ತಾದ ದಿನ ಜಿಲ್ಲಾಧ್ಯಕ್ಷರು, "ಮೇಷ್ಟ್ರೇ, ನಿಮಗೆ ಹಿಂದಿ ಬರುತ್ತಲ್ವಾ?" ಅಂದರು. ಹುಡುಗನಾಗಿದ್ದಾಗ ಹಿಂದಿ ಪ್ರಥಮಾ ಪರೀಕ್ಷೆ ಪಾಸು ಮಾಡಿದ್ದೆ. ಮಧ್ಯಮಾದಲ್ಲಿ ಫೇಲು. ಮೊದಲನೆಯದನ್ನು ಮಾತ್ರ ಹೇಳಿದೆ. ಹಾಳೂರಿಗೆ ಉಳಿದವನೇ ಗೌಡ. ನಾನು ಪ್ರತಿನಿಧಿಯೂ ಆದೆ, ಇಡೀ ತಂಡಕ್ಕೆ ದುಭಾಷಿಯೂ ಆದೆ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್, ಎರಡು ರಾತ್ರಿಯ ಪ್ರಯಾಣ. ನಿಜವಾದ ಪ್ರತಿನಿಧಿಗಳು ಹನ್ನೆರಡು ಜನ. ಉಳಿದವರು ವಿಶೇಷ ಆಹ್ವಾನಿತರು, ಅಂದರೆ ಕೆಂಪು ಕೋಟೆ ನೋಡಬೇಕು ಅಂತ ಬಂದವರು. ಎಲ್ಲ ಸೇರಿ ಮುಕ್ಕಾಲು ಬೋಗಿ ನಮ್ಮದೇ. 1885ರಲ್ಲಿ ಮುಂಬೈನಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನಕ್ಕೆ ಬಂದವರು 72 ಪ್ರತಿನಿಧಿಗಳಂತೆ. ಹಳೇ ಸ್ಲೀಪರ್ ಬೋಗಿಯಲ್ಲಿ ಇದ್ದ ಬರ್ತುಗಳೂ 72! ಇಡೀ ದೇಶ ಒಂದೇ ಬೋಗಿಯಲ್ಲಿ ಹಿಡಿಸುತ್ತಿತ್ತು. ಮೇಲಿನ ಬರ್ತು ಯಾರಿಗೆ ಅಂತ ಅವರೂ ಜಗಳ ಆಡುತ್ತಿದ್ದರೇನೋ.

ನಮ್ಮ ಯುವ ಘಟಕದ ಹುಡುಗನೊಬ್ಬ ಕ್ಯಾತಸಂದ್ರದಿಂದ ನೂರು ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. ತಟ್ಟೆ ಇಡ್ಲಿ ಹಬೆಯಿಂದ ಇಳಿಸಿದ ಕೂಡಲೇ, ಮೇಲೆ ಬೆಣ್ಣೆ ಇಟ್ಟು, ನಿಂತುಕೊಂಡೇ ತಿನ್ನಬೇಕಾದ ಪದಾರ್ಥ. ದೆಹಲಿಗೆ ಒಯ್ಯುವಂಥದ್ದಲ್ಲ. ಎರಡನೇ ದಿನ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದಾಗ ಬೋಗಿಯ ಆ ತುದಿಯಿಂದ "ಯಾರ್ರೀ ಅದು?" ಅಂತ ಕೂಗು ಬಂತು. ಕೊನೆಗೆ ಉಳಿದದ್ದು ನನ್ನ ಚೀಲದಲ್ಲಿದ್ದ ಒಂದು ಕೆಜಿ ಚಟ್ನಿ ಪುಡಿ ಮಾತ್ರ.

ಅದೂ ಸುಮ್ಮನಿರಲಿಲ್ಲ. ಮೈದಾನದ ಬಾಗಿಲಲ್ಲಿ ಪೊಲೀಸಿನವನು ಚೀಲ ತಡಕಿ, ಕೆಂಪು ಪುಡಿಯ ಪೊಟ್ಟಣ ಎತ್ತಿ ಹಿಡಿದು ಇದೇನು ಅಂದ. ನಾನು ಧೈರ್ಯವಾಗಿ "ಯೇ ಚಟ್ನಿ ಪುಡಿ ಹೈ" ಅಂದೆ. ಅವನು ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚಟ್ನಿ ತೋ ಹೈ, ಪೂಡಿ ಕಹಾಂ ಹೈ?" ಅಂದ. ಅವರ ಕಡೆ ಪೂಡಿ ಅಂದರೆ ಪೂರಿ. ಇಲ್ಲದ ಪೂರಿಯನ್ನು ಎಲ್ಲಿಂದ ತರಲಿ? ಹತ್ತು ನಿಮಿಷ ವಾದ ಮಾಡಿ, ಒಂದು ಚಿಟಿಕೆ ಅವನ ಅಂಗೈಗೆ ಹಾಕಿದೆ. ನೆಕ್ಕಿದ. ಕಣ್ಣಲ್ಲಿ ನೀರು ಬಂತು. ಒಳಗೆ ಬಿಟ್ಟ.

ಒಳಗೆ ಹೋಗಿ ಬ್ಯಾಡ್ಜು ತಗೊಂಡರೆ ಎಲ್ಲರದರಲ್ಲೂ "ತುಮಕುರ್, ಕೇರಳ" ಅಂತ ಅಚ್ಚಾಗಿತ್ತು. ಜಿಲ್ಲಾಧ್ಯಕ್ಷರು ಕೆಂಡವಾದರು. ಕೌಂಟರಿನ ಹುಡುಗ ಊಟದ ಕೂಪನ್ನೂ ಈ ಬ್ಯಾಡ್ಜಿಗೇ ಕೊಡೋದು ಅಂದಾಗ ತಣ್ಣಗಾದರು. ಪ್ರತಿನಿಧಿಯಾದವನಿಗೆ ದೇಶದ ಚಿಂತೆ ಆಮೇಲೆ. ಮೊದಲು ಅನ್ನ, ನೀರು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ನಮ್ಮ ಬೆಳಗಾವಿಯದು, 1924ರದ್ದು. ಅಲ್ಲಿ ಬಂದವರಿಗೆ ನೀರು ಬೇಕು ಅಂತ ಬಾವಿಯನ್ನೇ ತೋಡಿಸಿದ್ದರು. ಈಗಲೂ ಅದಕ್ಕೆ ಕಾಂಗ್ರೆಸ್ ಬಾವಿ ಅಂತಲೇ ಹೆಸರು. ಭಾಷಣ ಯಾರಿಗೆ ನೆನಪಿದೆ ಹೇಳಿ, ಬಾವಿ ಉಳಿಯಿತು.

ಹಾಗೆ ನಾವು ಕೇರಳದವರ ಜೊತೆ ಕೂತೆವು. ಹಿಂದಿ ವಿಷಯದಲ್ಲಿ ಅವರೂ ನಮ್ಮಷ್ಟೇ. ಮೇಷ್ಟ್ರು ಚಪ್ಪಾಳೆ ಹೊಡೆದಾಗ ಹೊಡೀರಿ ಅಂತ ನಮ್ಮವರಿಗೆ ಮೊದಲೇ ಅಪ್ಪಣೆಯಾಗಿತ್ತು. ಪಕ್ಕದವರು ಅದನ್ನು ನೋಡಿ ಅರ್ಥ ಮಾಡಿಕೊಂಡರು.

ವೇದಿಕೆ ಎಷ್ಟು ದೂರ ಅಂದರೆ, ನಾಯಕರೆಲ್ಲ ಬೆಂಕಿಕಡ್ಡಿಯ ಹಾಗೆ ಕಾಣುತ್ತಿದ್ದರು. ಒಂದು ಬೆಂಕಿಕಡ್ಡಿ ಎದ್ದು ಹೆಸರುಗಳನ್ನು ಓದಲು ಶುರು ಮಾಡಿತು. ಒಂದೊಂದು ಹೆಸರಿನ ಕೊನೆಗೂ "ಜೀ". ಆಮೇಲೆ "ಹಮಾರೇ ಬೀಚ್" ಅಂತ ಕೇಳಿಸಿತು. ಹಮಾರೇ ಬೀಚ್ ಅಂದರೆ ನಮ್ಮ ನಡುವೆ. ಪ್ರಥಮಾದಲ್ಲೇ ಕಲಿತಿದ್ದೆ. ಓಹೋ, ನಮ್ಮ ನಡುವೆ ಇರುವ ಗಣ್ಯರನ್ನು ಸ್ವಾಗತ ಮಾಡ್ತಿದ್ದಾರೆ ಅಂದುಕೊಂಡು ಜೋರಾಗಿ ಚಪ್ಪಾಳೆ ಹೊಡೆದೆ. ತುಮಕೂರು ಹೊಡೆಯಿತು. ಕೇರಳ ಹೊಡೆಯಿತು. ಎಲ್ಲರೂ ನಮ್ಮ ಕಡೆ ತಿರುಗಿದರು. ಇಷ್ಟು ದಿನಕ್ಕೆ ನಮ್ಮನ್ನೂ ಗುರುತಿಸಿದರಲ್ಲ ಅಂತ ಇನ್ನಷ್ಟು ಹೊಡೆದೆವು. ಅಷ್ಟರಲ್ಲಿ ಇಡೀ ಶಾಮಿಯಾನ ಎದ್ದು ನಿಂತಿತು. ನಮ್ಮ ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಸಂತೋಷ ತಡೆಯಲಾರದೆ ಶಿಳ್ಳೆ ಹಾಕಿದರು.

ಆ ಶಿಳ್ಳೆ ಒಂದೇ ಕೇಳಿಸಿತು. ಉಳಿದವರೆಲ್ಲ ತಲೆ ತಗ್ಗಿಸಿ ನಿಂತಿದ್ದರು.

"ಹಮಾರೇ ಬೀಚ್" ಆದಮೇಲೆ "ನಹೀಂ ರಹೇ" ಅಂತಲೂ ಇತ್ತಂತೆ. ಮೈಕು ಕುಯ್ ಅಂದದ್ದರಲ್ಲಿ ನನಗೆ ಕೇಳಿಸಿರಲಿಲ್ಲ. ಅದು ಆ ವರ್ಷ ತೀರಿಕೊಂಡವರ ಶೋಕ ನಿರ್ಣಯ.

ಎರಡು ನಿಮಿಷ ಮೌನ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಎರಡು ನಿಮಿಷ ಇನ್ನೊಂದಿಲ್ಲ. ಕೂತ ಕೂಡಲೇ ಜಿಲ್ಲಾಧ್ಯಕ್ಷರು ನನ್ನ ಕಡೆ ನೋಡದೆಯೇ, "ಇನ್ನು ಯಾರೂ ಕೈ ಅಲ್ಲಾಡಿಸಬಾರದು" ಅಂತ ಸಾಲಿನುದ್ದಕ್ಕೂ ಹೇಳಿ ಕಳಿಸಿದರು. ಎಲ್ಲರೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆವು. ಚಳಿಗೂ ಅದೇ ಹಿತವಾಗಿತ್ತು.

ಮಧ್ಯಾಹ್ನ ಆರ್ಥಿಕ ನಿರ್ಣಯ ಬಂತು. ಒಪ್ಪಿಗೆ ಇದ್ದವರು ಕೈ ಎತ್ತಿ ಅಂದರು. ಕಣ್ಣು ಹಾಯಿಸಿದಷ್ಟು ದೂರ ಕೈಗಳೇ ಕೈಗಳು. ತುಮಕೂರಿನದು ಒಂದೂ ಇಲ್ಲ. ಈ ಸಲ ಕೇರಳದವರು ನಮ್ಮನ್ನು ನಂಬಲಿಲ್ಲ, ಅವರ ಪಾಡಿಗೆ ಎತ್ತಿದರು. ನಮ್ಮ ಪಕ್ಷದ ಆರ್ಥಿಕ ನೀತಿಯನ್ನು ಆ ದಿನ ಒಪ್ಪದೆ ಉಳಿದ ಒಂದೇ ಜಿಲ್ಲೆ ನಮ್ಮದು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು ಅಂತ ಘೋಷಿಸಿದರು.

ಆ ಜಿಲ್ಲಾಧ್ಯಕ್ಷರು ಈಗ ಮಾಜಿ. ನಾನೂ ಸಭೆಗಳಿಗೆ ಹೋಗುವುದು ಕಡಿಮೆ ಮಾಡಿದ್ದೇನೆ. ಆದರೂ ಊರಲ್ಲಿ ಯಾರಾದರೂ ಹಿರಿಯರು ಹೋದಾಗ ಟೌನ್‌ಹಾಲಿನಲ್ಲೋ ಗಾಜಿನಮನೆಯಲ್ಲೋ ಶ್ರದ್ಧಾಂಜಲಿ ಸಭೆ ಇದ್ದೇ ಇರುತ್ತದೆ. ಮೌನಾಚರಣೆ ಅಂತ ಮೈಕಿನಲ್ಲಿ ಹೇಳಿದ್ದೇ ತಡ, ಅವರು ಎಲ್ಲಿದ್ದರೂ ಜನರ ನಡುವೆ ನುಗ್ಗಿಕೊಂಡು ಬಂದು, ನನ್ನ ಎರಡೂ ಕೈ ಹಿಡಿದುಕೊಂಡು ನಿಲ್ಲುತ್ತಾರೆ. ನೋಡಿದವರು, ಪಾಪ, ಇಬ್ಬರಿಗೂ ಎಷ್ಟು ದುಃಖ ಅಂದುಕೊಳ್ಳುತ್ತಾರೆ.