ಕಾರ್ಟಿಸಾಲ್ ಟೆಸ್ಟ್‌ನಿಂದ ಅಲ್ಝೈಮರ್ ಗೊತ್ತಾಗಲ್ಲ: ಸ್ಪಷ್ಟನೆ

'ಬೆಳಿಗ್ಗೆ ರಕ್ತದಲ್ಲಿ ಕಾರ್ಟಿಸಾಲ್ (ಒತ್ತಡದ ಹಾರ್ಮೋನು) ಜಾಸ್ತಿ ಇದ್ದರೆ ಅಲ್ಝೈಮರ್ (ಮರೆವಿನ ಕಾಯಿಲೆ) ಶುರುವಾಗಿದೆ ಅಂತಲೇ ಅರ್ಥ.' ಬಳ್ಳಾರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಮಾತು ತಪ್ಪು.

ಈ ಹಾರ್ಮೋನು ಬೆಳಿಗ್ಗೆ ಎಲ್ಲರಲ್ಲೂ ಜಾಸ್ತಿಯೇ. ಎದ್ದು ಅರ್ಧ-ಮುಕ್ಕಾಲು ಗಂಟೆಯಲ್ಲಿ ಏರುತ್ತದೆ, ಸಂಜೆಗೆ ಇಳಿಯುತ್ತದೆ, ನಡುರಾತ್ರಿ ಹೊತ್ತಿಗೆ ತೀರಾ ಕಡಿಮೆ. ಅದಕ್ಕೇ ಲ್ಯಾಬ್‌ನವರು ಸಾಮಾನ್ಯವಾಗಿ ಬೆಳಿಗ್ಗೆ 8ರ ಸುಮಾರಿಗೆ ರಕ್ತ ಕೇಳುವುದು. ಸಂಜೆ 4ಕ್ಕೆ ಕೊಟ್ಟರೆ ಅಂಕಿಯೇ ಬೇರೆ.

ಮೆಸೇಜ್‌ನಲ್ಲಿ ಒಂದೆಳೆ ನಿಜವೂ ಇದೆ. ಅಲ್ಝೈಮರ್ ಇರುವವರಲ್ಲಿ ಕಾರ್ಟಿಸಾಲ್ ಸರಾಸರಿ ತುಸು ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳಿವೆ. ಕಾರ್ಟಿಸಾಲ್‌ಗೆ ಬ್ರೇಕ್ ಹಾಕಲು ನೆರವಾಗುವ ಹಿಪೊಕ್ಯಾಂಪಸ್ (ಮಿದುಳಿನಲ್ಲಿ ನೆನಪಿಗೆ ಬೇಕಾದ ಭಾಗ) ಈ ಕಾಯಿಲೆಯಲ್ಲಿ ಬೇಗ ಸೊರಗುತ್ತದೆ. ಆದರೂ ದಿನದ ಏರಿಳಿತ ಎಷ್ಟೋ ರೋಗಿಗಳಲ್ಲಿ ಉಳಿದೇ ಇರುತ್ತದೆ. ಖಿನ್ನತೆ, ನಿದ್ದೆಗೇಡು, ಸ್ಟೀರಾಯ್ಡ್ ಮಾತ್ರೆ ಕೂಡ ಅಂಕಿಯನ್ನು ಏರುಪೇರು ಮಾಡುತ್ತವೆ. ಒಂದು ರಿಪೋರ್ಟ್ ಹಿಡಿದು ಅಜ್ಜಿಗೆ ಮರೆವಿನ ಕಾಯಿಲೆ ಅಂದರೆ ಸುಮ್ನೆ ಭಯ ಹುಟ್ಟಿಸಿದಂತೆ, ಅಲ್ವಾ?

ಅಲ್ಝೈಮರ್ ಇರುವವರಲ್ಲಿ ಸಂಜೆ ಹೊತ್ತು ಹೆಚ್ಚುವ ಗೊಂದಲಕ್ಕೂ ಕಾರ್ಟಿಸಾಲ್ ಒಂದೇ ಕಾರಣ ಅಲ್ಲ. ನಮ್ಮೂರ ಬಿಸಿಲಲ್ಲಿ ನೀರು ಸಾಲದೆ ಹೋದರೂ, ಮೂತ್ರದ ಸೋಂಕಾದರೂ ಹಿರಿಯರು ಒಂದೆರಡು ದಿನದಲ್ಲೇ ದಿಕ್ಕು ತಪ್ಪಿದಂತೆ ಆಡಬಹುದು. ಆಗ ತಡಮಾಡದೆ ಡಾಕ್ಟರಿಗೆ ತೋರಿಸಿ. ಮೆಸೇಜ್‌ನ ಕೊನೆಯಲ್ಲಿ ಮಾರುತ್ತಿರುವ 'ಕಾರ್ಟಿಸಾಲ್ ಇಳಿಸುವ ಪುಡಿ'ಗೆ ದುಡ್ಡು ಸುರಿಯಬೇಡಿ. ಅಲ್ಝೈಮರ್ ವಾಸಿ ಮಾಡುವ ಪುಡಿ ಯಾವುದೂ ಇಲ್ಲ.