ತಟ್ಟೆ ನೋಡಬೇಡಿ, ಪಕ್ಕದಲ್ಲಿ ಕೂತಿರಿ

ಅನ್ನನಾಳದ ಕ್ಯಾನ್ಸರ್ ಅಂತ ಹೇಳಿದ ಕೂಡಲೇ ಬರುವ ಮೊದಲ ಪ್ರಶ್ನೆ, "ಸಿಗರೇಟು ಸೇದ್ತಿದ್ರಾ?" ಇಲ್ಲ ಅಂದರೆ, "ಮತ್ತೆ... ಕುಡೀತಿದ್ರಾ?" ಅದೂ ಇಲ್ಲ ಅಂದಾಗ ಕೇಳಿದವರ ಮುಖದಲ್ಲಿ ನನಗಿಂತ ಹೆಚ್ಚು ಗಾಬರಿ. ಕಾರಣ ಗೊತ್ತಾಗಿಬಿಟ್ಟರೆ ಅವರಿಗೆ ಸಮಾಧಾನ: ತಾನು ಸೇದುವುದಿಲ್ಲ, ಹಾಗಾಗಿ ತನಗೆ ಬರುವುದಿಲ್ಲ. ಆ ಸಮಾಧಾನ ಹಂಚುವುದು ನನ್ನ ಕೆಲಸವಲ್ಲ ಅಂತ ಈಗೀಗ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಆದರೂ ಒಮ್ಮೆ ಇಲ್ಲಿ ಬರೆದುಬಿಡುತ್ತೇನೆ, ಬೇಕಾದವರು ಓದಿಕೊಳ್ಳಲಿ.

ಈ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಹೆಚ್ಚಾಗಿ ನಾಳದ ಮೇಲಿನ ಮತ್ತು ನಡುವಿನ ಭಾಗದಲ್ಲಿ ಬರುತ್ತದೆ. ತಂಬಾಕು, ಮದ್ಯ ಇದರ ದೊಡ್ಡ ಕಾರಣಗಳು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯ ಕುಡಿಯುವುದನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2016ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಅನ್ನುವ ಪಟ್ಟಿಗೆ ಸೇರಿಸಿತು. ಇನ್ನೊಂದು ಅಡಿನೋಕಾರ್ಸಿನೋಮ, ನಾಳ ಹೊಟ್ಟೆಯನ್ನು ಸೇರುವ ಕೆಳತುದಿಯಲ್ಲಿ ಬರುವಂಥದ್ದು. ವರ್ಷಗಟ್ಟಲೆ ಆಮ್ಲ ಮೇಲಕ್ಕೆ ಉಕ್ಕಿ ಒಳಪದರವೇ ಬದಲಾಗಿಬಿಡುವ ಬ್ಯಾರೆಟ್ಸ್ ಅನ್ನುವ ಸ್ಥಿತಿ, ಬೊಜ್ಜು, ಇವೆಲ್ಲ ಇದರ ಹಿಂದಿರುತ್ತವೆ. ನನ್ನದು ಈ ಎರಡನೆಯದು. ಎದೆಯುರಿ ಇರುವ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲ, ಹೆದರಬೇಡಿ. ಆದರೆ ನುಂಗಿದ್ದು ಎದೆಯಲ್ಲಿ ತಡೆಯುತ್ತಿದೆ ಅನಿಸಿದರೆ ಎಂಡೋಸ್ಕೋಪಿ ಮುಂದೂಡಬೇಡಿ. ಇನ್ನು ಸೇದಿದವರ, ಕುಡಿದವರ ವಿಷಯ. ಅವರಿಗೂ ತುತ್ತು ಗಂಟಲಿಂದ ಇಳಿಯದಿದ್ದಾಗ ಆಗುವ ಸಂಕಟ ನನ್ನಷ್ಟೇ. ವಿಚಾರಣೆ ನಡೆಸುವುದಕ್ಕೆ ಅದು ಹೊತ್ತಲ್ಲ.

ನಾನು ಹೇಳಬೇಕೆಂದುಕೊಂಡಿರುವುದು ಬೇರೆ. ಮನುಷ್ಯರು ಒಬ್ಬರನ್ನೊಬ್ಬರು ಪ್ರೀತಿಸುವ ದಾರಿಗಳಲ್ಲಿ ಅರ್ಧಕ್ಕರ್ಧ ಊಟದ ಮೂಲಕವೇ ಹೋಗುತ್ತವೆ. ಹುಷಾರಿಲ್ಲ ಅಂದರೆ ಏನಾದರೂ ಮಾಡಿಕೊಂಡು ತರುತ್ತೇವೆ, ಖುಷಿಯಾದರೆ ಊಟಕ್ಕೆ ಕರೆಯುತ್ತೇವೆ, ಸತ್ತ ಮನೆಗೂ ಊಟ ಕಳಿಸುತ್ತೇವೆ. ಈ ಕಾಯಿಲೆ ಸರಿಯಾಗಿ ಆ ದಾರಿಯನ್ನೇ ಮುಚ್ಚುತ್ತದೆ. ಮೊದಲು ಗಟ್ಟಿ ಪದಾರ್ಥ ಇಳಿಯುವುದಿಲ್ಲ, ಆಮೇಲೆ ಮೆತ್ತಗಿನದು, ಕೊನೆಕೊನೆಗೆ ನೀರು. ಅಷ್ಟು ಹೊತ್ತಿಗೆ ನಾವು ಕಳ್ಳಾಟ ಕಲಿತಿರುತ್ತೇವೆ: ಜಾಸ್ತಿ ಅಗಿಯುವುದು, ಪ್ರತಿ ತುತ್ತಿಗೂ ನೀರು, "ಆಗಲೇ ತಿಂದೆ" ಅನ್ನುವ ಸುಳ್ಳು, ನಾಲ್ಕು ಜನ ಸೇರುವ ಕಡೆ ಹೋಗದಿರಲು ಹೊಸ ಹೊಸ ನೆಪ. ಕ್ಯಾನ್ಸರ್ ಅಂತ ಹೆಸರು ಬೀಳುವ ಮುಂಚೆಯೇ ಒಂಟಿತನ ಶುರುವಾಗಿರುತ್ತದೆ.

ನಾಳ ಹಿಗ್ಗುವ ಗುಣದ್ದು. ಆದ್ದರಿಂದ ಗಡ್ಡೆ ಸಾಕಷ್ಟು ಬೆಳೆದು ದಾರಿ ಕಿರಿದಾಗುವವರೆಗೆ ಗೊತ್ತೇ ಆಗುವುದಿಲ್ಲ. ಬಹಳ ಜನರಿಗೆ ತಡವಾಗಿ ತಿಳಿಯುವುದು ಇದಕ್ಕೇ. 2022ರಲ್ಲಿ ಜಗತ್ತಿನಲ್ಲಿ ಸುಮಾರು 5 ಲಕ್ಷ 11 ಸಾವಿರ ಜನರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂತು. ಅದೇ ವರ್ಷ ಸತ್ತವರು ಸುಮಾರು 4 ಲಕ್ಷ 45 ಸಾವಿರ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ ರಾತ್ರಿಯೆಲ್ಲ ಕೂತಿದ್ದೂ ಉಂಟು. ಆದರೆ ನಿಧಾನವಾಗಿ ಅವುಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ಈ ದಾರಿಯಲ್ಲಿ ಹೋಗಿ, ಉಳಿದು, ನಮ್ಮ ಜೊತೆ ಮಾತಾಡಲು ಸಿಗುವವರು ಕಡಿಮೆ. ಸ್ತನ ಕ್ಯಾನ್ಸರಿನ ಆಪರೇಷನ್ ಆಗಿದ್ದ ಟೆರೀಸ್ ಲ್ಯಾಸರ್ ಅನ್ನುವವರು 1952ರಲ್ಲಿ ಅಮೆರಿಕದಲ್ಲಿ ಅದೇ ಆಪರೇಷನ್ ಆದ ಬೇರೆ ಹೆಂಗಸರನ್ನು ಹೋಗಿ ಕಾಣುವ ಕೆಲಸ ಶುರುಮಾಡಿದರು. ಅದು 'ರೀಚ್ ಟು ರಿಕವರಿ' ಅನ್ನುವ ಹೆಸರಲ್ಲಿ ದೊಡ್ಡದಾಗಿ ಬೆಳೆಯಿತು. ನಮಗೆ ಅಂಥ ಅಕ್ಕತಂಗಿಯರ, ಅಣ್ಣತಮ್ಮಂದಿರ ಸೈನ್ಯವಿಲ್ಲ. ಇರುವ ಕೆಲವರನ್ನು ಹುಡುಕಿಕೊಳ್ಳಬೇಕು.

ನಮ್ಮ ಕ್ಯಾನ್ಸರಿಗೆ ಮಾಡುವ ಆಪರೇಷನ್ ಬಗ್ಗೆ ಓದುವಾಗ ಒಬ್ಬಾಕೆಯ ಕತೆ ಸಿಕ್ಕಿತು, ಇಂದಿಗೂ ತಲೆಯಿಂದ ಹೋಗಿಲ್ಲ. 1913ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಜ್ ಟೊರೆಕ್ ಅನ್ನುವ ಸರ್ಜನ್ ವಯಸ್ಸಾದ ಹೆಂಗಸೊಬ್ಬರ ಎದೆಭಾಗದ ಅನ್ನನಾಳವನ್ನು ಕ್ಯಾನ್ಸರಿಗಾಗಿ ತೆಗೆದರು. ಹಾಗೆ ತೆಗೆಸಿಕೊಂಡು ಬದುಕುಳಿದವರಲ್ಲಿ ಆಕೆಯೇ ಮೊದಲಿಗರು. ನಾಳದ ಉಳಿದ ತುದಿಯನ್ನೂ ಹೊಟ್ಟೆಗೆ ಮಾಡಿದ ತೂತನ್ನೂ ಸೇರಿಸಲು ಮೈಯ ಹೊರಗೆ ಒಂದು ರಬ್ಬರ್ ಕೊಳವೆ. ಆ ಕೊಳವೆಯ ಮೂಲಕವೇ ಉಣ್ಣುತ್ತಾ ಆಕೆ ಹತ್ತು ವರ್ಷಕ್ಕೂ ಹೆಚ್ಚು ಬದುಕಿದರು. ವೈದ್ಯರು ಬರೆದದ್ದೆಲ್ಲ ಆಪರೇಷನ್ ಬಗ್ಗೆ. ನನಗೆ ಕುತೂಹಲ ಬೇರೆ: ಆಕೆ ಯಾರ ಜೊತೆ ಕೂತು ಉಣ್ಣುತ್ತಿದ್ದರು? ಕೊಳವೆ ಜಾರಿದರೆ, ನಾಚಿಕೆಯಾದರೆ, ಯಾರನ್ನು ಕೇಳುತ್ತಿದ್ದರು? ಕೇಳೋಣವೆಂದರೆ ಮುಂಚೆ ಹೋದವರೇ ಇರಲಿಲ್ಲ.

ಈಗ ಹೊರಗೆ ಕೊಳವೆ ಬೇಕಿಲ್ಲ. ಹೊಟ್ಟೆಯನ್ನೇ ಸಪೂರ ನಾಳದಂತೆ ಮಾಡಿ ಮೇಲಕ್ಕೆಳೆದು ಎದೆಯಲ್ಲೋ ಕುತ್ತಿಗೆಯಲ್ಲೋ ಜೋಡಿಸುತ್ತಾರೆ. ಐವರ್ ಲೂಯಿಸ್ 1946ರಲ್ಲಿ ವಿವರಿಸಿದ ವಿಧಾನ ಇಂದಿಗೂ ಅವರ ಹೆಸರಲ್ಲೇ ನಡೆಯುತ್ತಿದೆ. ಬಹಳ ಜನರಿಗೆ ಮೊದಲು ಕೀಮೋ, ಅಥವಾ ಕೀಮೋ ಜೊತೆ ರೇಡಿಯೇಶನ್, ಆಮೇಲೆ ಆಪರೇಷನ್. ಆದರೆ ಮನೆಗೆ ಬಂದ ಮೇಲೆ ಶುರುವಾಗುವ ಬದುಕನ್ನು ಹೊಸದಾಗಿ ಕಲಿಯಬೇಕು. ದೊಡ್ಡ ಊಟ ಅನ್ನುವುದು ಮುಗಿಯಿತು, ದಿನಕ್ಕೆ ಆರೇಳು ಸಲ ಚೂರು ಚೂರು. ಸಿಹಿ ಸ್ವಲ್ಪ ಜಾಸ್ತಿಯಾದರೆ ಡಂಪಿಂಗ್, ಅಂದರೆ ತಿಂದದ್ದು ಸರ್ರನೆ ಕರುಳಿಗೆ ಇಳಿದುಬಿಡುವುದು: ಎದೆ ಡವಡವ, ಬೆವರು, ತಲೆಸುತ್ತು, ಹೊಟ್ಟೆನುಲಿತ. ಜೋಡಿಸಿದ ಜಾಗ ಕಿರಿದಾದರೆ ಮತ್ತೆ ಎಂಡೋಸ್ಕೋಪಿ ಹಾಕಿ ಹಿಗ್ಗಿಸಬೇಕು. ಮೇಲೆ ಉಕ್ಕುವುದನ್ನು ತಡೆಯುತ್ತಿದ್ದ ಕವಾಟ ಈಗಿಲ್ಲ, ಹಾಗಾಗಿ ಸಪಾಟಾಗಿ ಮಲಗುವಂತೆಯೂ ಇಲ್ಲ.

ನನ್ನ ಆಸ್ಪತ್ರೆಯಲ್ಲಿ ಇವೆಲ್ಲವನ್ನೂ ಅಚ್ಚುಕಟ್ಟಾಗಿ ಮುದ್ರಿಸಿ ಕೈಗೆ ಕೊಟ್ಟರು. ಒಳ್ಳೆಯದೇ. ಆದರೆ ಹಾಳೆಯನ್ನು ಪ್ರಶ್ನೆ ಕೇಳುವುದಕ್ಕಾಗುವುದಿಲ್ಲ. ನರ್ಸ್ ಒಬ್ಬರು ಮಾತ್ರ, ಆ ಕಡೆಯವರ ಒಪ್ಪಿಗೆ ಕೇಳಿ, ನನಗೊಂದು ಫೋನ್ ನಂಬರ್ ಕೊಟ್ಟರು. ಇದೇ ಆಪರೇಷನ್ ಆಗಿ ವರ್ಷಗಳು ಕಳೆದಿದ್ದ ಹಿರಿಯ ಹೆಂಗಸಿನದು. "ಹೇಗಿದೀರಿ" ಅಂತ ಕೂಡ ಕೇಳದೆ ಅವರು ಆಡಿದ ಮೊದಲ ಮಾತು, "ರಾತ್ರಿ ದಿಂಬಿಂದ ಜಾರಿ ಜಾರಿ ಕೆಳಗೆ ಬಂದುಬಿಡ್ತೀರಾ?"

ನಾನು ನಕ್ಕುಬಿಟ್ಟೆ. ಎಷ್ಟೋ ದಿನದ ಮೇಲೆ. ತಲೆಯ ಕಡೆ ಎತ್ತರ ಮಾಡಿಕೊಂಡು ಮಲಗಿ ಅಂತ ಎಲ್ಲರೂ ಹೇಳಿದ್ದರು. ನಿದ್ದೆಯಲ್ಲಿ ಜಾರುತ್ತೀರಿ, ಪಿತ್ತ ಗಂಟಲಿಗೆ ಬಂದು ಉರಿಗೆ ಎಚ್ಚರವಾಗುತ್ತದೆ, ಅದಕ್ಕೆ ಮಂಡಿ ಕೆಳಗೂ ಒಂದು ದಿಂಬು ಇಟ್ಟುಕೊಳ್ಳಿ ಅಂತ ಹೇಳಿದವರು ಅವರೊಬ್ಬರೇ. ಆಮೇಲೆ ಹೇಳಿದರು, "ನೋಡಪ್ಪ, ಹಸಿವು ಬರೋದಿಲ್ಲ. ಬರುತ್ತೆ ಅಂತ ಕಾಯಬೇಡಿ. ಗಡಿಯಾರ ನೋಡಿ ತಿನ್ನಿ." ಮುಂದಿನ ವಾರ ನನ್ನ ಹೆಂಡತಿಯೂ ಅವರ ಗಂಡನ ಜೊತೆ ಮಾತಾಡಿದಳು. ಏನು ಮಾತಾಡಿಕೊಂಡರೋ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ನನಗೆ ಕಾಣದ ಹಾಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದವಳು ಅದಾದ ಮೇಲೆ ಟೇಬಲ್ಲಿಗೆ ಬಂದು ಕೂತಳು.

ಹಾಗಾಗಿ ನನ್ನ ಖಡಾಖಂಡಿತ ಅಭಿಪ್ರಾಯ: ಆಪರೇಷನ್ನಿಗೆ ಮೊದಲೇ, ಒಪ್ಪಿಗೆ ಪಡೆದು, ಅದೇ ಹಾದಿಯಲ್ಲಿ ಹೋದ ಒಬ್ಬರ ಸಂಪರ್ಕ ಕೊಡುವುದು ಚಿಕಿತ್ಸೆಯ ಭಾಗವಾಗಬೇಕು. ಯಾರೋ ಒಬ್ಬ ನರ್ಸಿನ ಒಳ್ಳೆಯತನಕ್ಕೆ ಬಿಟ್ಟರೆ ಸಾಲದು.

ರೋಗಿಗಳ ಗುಂಪುಗಳೂ ಇವೆ, ಅವುಗಳ ತೊಂದರೆಯೂ ಇದೆ. "ಈ ಬೇರು ಅರೆದು ಕುಡಿಯಿರಿ, ಕೀಮೋ ಬೇಡ" ಅನ್ನುವವರು ಎಲ್ಲಾ ಕಡೆ ನುಸುಳುತ್ತಾರೆ. ಅವರನ್ನು ಹೊರಗೆ ಹಾಕದ ಗುಂಪಿನಲ್ಲಿ ಇರಬೇಡಿ. ನಿನ್ನೆ ಜೋಕು ಹೇಳಿದವರು ತಿಂಗಳೊಳಗೆ ಹೋಗಿಬಿಡುತ್ತಾರೆ, ಅದನ್ನು ತಡೆದುಕೊಳ್ಳಲಾಗದೆ ಕೆಲಕಾಲ ಹೊರಗಿದ್ದರೆ ತಪ್ಪಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಆಪರೇಷನ್ ಆದವರಾದ ನಾವು ಅಲ್ಲಿ ಸೀನಿಯರುಗಳ ಹಾಗೆ ಮಾತಾಡುತ್ತಿರುತ್ತೇವೆ. ಆಪರೇಷನ್ ಸಾಧ್ಯವೇ ಇಲ್ಲ ಅಂತ ಹೇಳಿಸಿಕೊಂಡು ಬಂದವರು, ನುಂಗಲು ದಾರಿಯಾಗಲಿ ಅಂತ ಸ್ಟೆಂಟ್ ಹಾಕಿಸಿಕೊಂಡವರು ಮೂಲೆಯಲ್ಲಿ ಸುಮ್ಮನಿರುತ್ತಾರೆ. ಅವರ ಹತ್ತಿರ ಕೇಳಿ ಕಲಿಯುವುದು ಎಷ್ಟೋ ಇದೆ. ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್ ಅಂದರೆ ಕೈಬಿಟ್ಟರು ಅಂತ ಅರ್ಥವೂ ಅಲ್ಲ. ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮೇಲೆ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದನ್ನು ಮೊದಲಿಂದಲೇ ಪಡೆದವರ ದಿನಗಳೂ ಚೆನ್ನಾಗಿದ್ದವು, ಆಯಸ್ಸೂ ಕೆಲವು ತಿಂಗಳು ಹೆಚ್ಚಿತ್ತು.

"ಪಾಸಿಟಿವ್ ಆಗಿರು, ಅರ್ಧ ಕಾಯಿಲೆ ಅದರಲ್ಲೇ ವಾಸಿ" ಅನ್ನುವವರಿಗೆ ಒಂದು ಮಾತು. ಕ್ಯಾನ್ಸರ್ ರೋಗಿಗಳ ಮನಸ್ಸಿನ ಚಿಕಿತ್ಸೆಗೇ ಜೀವನ ಮುಡಿಪಿಟ್ಟ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಇದನ್ನು ಪಾಸಿಟಿವ್ ಯೋಚನೆಯ ದಬ್ಬಾಳಿಕೆ ಅಂತಲೇ ಕರೆದರು. ನಗುನಗುತ್ತಾ ಇರದಿದ್ದರೆ ಗಡ್ಡೆ ಬೆಳೆಯುತ್ತದೆ ಅನ್ನುವ ಅಪರಾಧಭಾವವನ್ನೂ ರೋಗಿ ಹೊರಬೇಕಾ? 1989ರಲ್ಲಿ ಬಂದ ಒಂದು ಅಧ್ಯಯನ, ಗುಂಪಿನಲ್ಲಿ ಮನಬಿಚ್ಚಿ ಮಾತಾಡಿದ ಸ್ತನ ಕ್ಯಾನ್ಸರ್ ರೋಗಿಗಳು ಹೆಚ್ಚು ಕಾಲ ಬದುಕಿದರು ಅಂದಿತು. ಎಲ್ಲರಿಗೂ ಆಸೆ ಚಿಗುರಿತು. 2001ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಆದರೆ ಮನಸ್ಸಿನ ತಳಮಳ, ನೋವು ಎರಡೂ ಕಡಿಮೆಯಾಗಿದ್ದವು, ಅದರಲ್ಲೂ ಮೊದಲಿಗೆ ಹೆಚ್ಚು ಬಳಲುತ್ತಿದ್ದವರಲ್ಲಿ. ನನಗೆ ಅಷ್ಟು ಸಾಕು. ಜೊತೆಗಾರರು ಬೇಕಿರುವುದು ಸಾವನ್ನು ಓಡಿಸಲು ಅಲ್ಲ, ಈ ರಾತ್ರಿ ಕಳೆಯಲು.

ಕಾಯಿಲೆ ಇಲ್ಲದವರು ಏನು ಮಾಡಬಹುದು ಅಂತ ಕೇಳುತ್ತೀರಿ. ನನ್ನ ತಟ್ಟೆ ನೋಡಬೇಡಿ. "ಇಷ್ಟೇನಾ?" ಅನ್ನಬೇಡಿ. ತೆಳ್ಳಗಾಗಿ ಚೆನ್ನಾಗಿ ಕಾಣ್ತೀಯ ಅಂತಂತೂ ಅನ್ನಲೇಬೇಡಿ, ಆ ತೂಕ ಹೇಗೆ ಹೋಯಿತು ಅನ್ನುವುದು ನಿಮಗೆ ಗೊತ್ತಿಲ್ಲ. ಊಟಕ್ಕೆ ಕರೆಯುವ ಬದಲು ವಾಕಿಂಗ್ ಕರೆಯಿರಿ. ಕರೆದರೂ, ತಿನ್ನದೆ ಕೂತಿರಲು ಬಿಡಿ. ಗೆಳೆಯನೊಬ್ಬ ಪ್ರತಿ ಸ್ಕ್ಯಾನಿನ ರಿಪೋರ್ಟ್ ದಿನ ಡಾಕ್ಟರ ಎದುರು ಕೂತು ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾನೆ, ನನ್ನ ಕಿವಿ ಆ ಹೊತ್ತಿಗೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಇನ್ನೊಬ್ಬಳು ಕ್ರಿಕೆಟ್ಟು, ರಾಜಕೀಯ, ಆಫೀಸಿನ ಜಗಳ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಇಬ್ಬರೂ ಬೇಕು. ಅತ್ತುಬಿಟ್ಟು ನನ್ನಿಂದಲೇ ಸಮಾಧಾನ ಮಾಡಿಸಿಕೊಂಡು ಹೋಗುವವರು ಸ್ವಲ್ಪ ದಿನ ತಡೆದು ಬನ್ನಿ.

ಈಗಷ್ಟೇ ಗೊತ್ತಾದವರು, ಅಥವಾ ಅವರ ಮನೆಯವರು ಇದನ್ನು ಓದುತ್ತಿದ್ದರೆ ಇನ್‌ಬಾಕ್ಸಿಗೆ ಬರೆಯಿರಿ. ನಾನು ಡಾಕ್ಟರಲ್ಲ, ಔಷಧಿ ಹೇಳುವುದಿಲ್ಲ. ದಿಂಬಿನ ವಿಷಯ, ಆ ಮೊದಲ ತುತ್ತಿನ ಹೆದರಿಕೆ, ಮಕ್ಕಳಿಗೆ ಏನು ಹೇಳುವುದು, ಇವನ್ನೆಲ್ಲ ಮಾತಾಡಬಹುದು. ಉತ್ತರ ತಡವಾದರೆ ಬೇಜಾರಾಗಬೇಡಿ, ಊಟಕ್ಕೆ ಕೂತಿರುತ್ತೇನೆ. ನನಗೆ ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ.